ಎಂಬತ್ತು ಸ್ಥಾನಗಳ ನಾಡಿನವಳು

ಜೂನ್ 9

ನಾಲ್ಕು ಕಿಲೋ ಮುನ್ನೂರು. ಹದಿನೈದು ದಿನದ ಹಿಂದೆಯೂ ಇಷ್ಟೇ ಇತ್ತು. ಡಾಕ್ಟರು ತಕ್ಕಡಿಯನ್ನು ಒರೆಸಿ, ಪೂರ್ವಿಯನ್ನು ಎತ್ತಿ ಮತ್ತೊಮ್ಮೆ ಮಲಗಿಸಿ ನೋಡಿದರು. ಮುಳ್ಳು ಅಲ್ಲಿಗೇ ಬಂದು ನಿಂತಿತು. ಮೂರು ತಿಂಗಳು ತುಂಬಿದ ಮಗು, ಇನ್ನೊಂದು ಕಿಲೋ ಆದರೂ ಹೆಚ್ಚಿರಬೇಕಿತ್ತಂತೆ. ಎರಡು ವಾರದಲ್ಲಿ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಕೆ ಇಡಬೇಕಾಗುತ್ತದೆ ಎಂದರು. ನಳಿಕೆ ಎಂದಾಗ ಅವರು ಪೂರ್ವಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಎದೆಯ ಬಾವು ಕೊಯ್ಯಿಸಿಕೊಂಡ ದಿನದಿಂದ ನನ್ನ ಹಾಲು ಬತ್ತುತ್ತಲೇ ಬಂತು. ಡಬ್ಬಿಯ ಹಾಲನ್ನು ಇವಳು ಬಾಯಿಗೆ ಹಾಕಿದ ಕೂಡಲೇ ಉಗಿಯುತ್ತಾಳೆ. ಬಾಟಲಿ ಬದಲಿಸಿದೆ, ಚಮಚದಲ್ಲಿ ಕೊಟ್ಟೆ, ಅಮ್ಮ ಮೈಸೂರಿನಿಂದ ಕಳಿಸಿದ ಬೆಳ್ಳಿಯ ಒಳಲೆಯಲ್ಲಿ ಹನಿಹನಿಯಾಗಿ ಬಿಟ್ಟೆ. ಕೆನ್ನೆಯ ಮೇಲಿಂದ ಹರಿದು ಕುತ್ತಿಗೆಯ ಮಡಿಕೆಯಲ್ಲಿ ನಿಲ್ಲುತ್ತದೆ. ನಾನು ಮಲಗಿ ಎಷ್ಟು ದಿನವಾಯಿತೋ. ಕಣ್ಣು ಮುಚ್ಚಿದರೆ ಇವಳು ಉಸಿರಾಡುತ್ತಿಲ್ಲವೆಂದು ಎಚ್ಚರವಾಗುತ್ತದೆ.

ಧಾರವಾಡದಿಂದ ಜನಾರ್ದನ ಅವರ ಫೋನು. ಹೆರಿಗೆಗೆ ಮುಂಚೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದವಳು ಈಗ ಮನೆಯಲ್ಲೇ ಕೂತು ಅವರ ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿಗೆ ಪಾಠ ಬರೆಯುತ್ತಿದ್ದೇನೆ. ಏಳನೇ ಅಧ್ಯಾಯ ಬಾಕಿ ಇದೆ: ದೇಶದ ಅತಿ ಹೆಚ್ಚು ಜನಸಂಖ್ಯೆಯ ರಾಜ್ಯ, ಅದರ ಭೂಗೋಳ ಮತ್ತು ರಾಜಕೀಯ ಪ್ರಭಾವ. ಬರೆಯುತ್ತೇನೆ ಎಂದೆ. ಉತ್ತರ ಪ್ರದೇಶ ಎಂದು ತಲೆಬರಹ ಹಾಕಿ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ.

ಜೂನ್ 12

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು, ಆಮೇಲೆ ನನಗೇ ನಂಬಿಕೆಯಾಗದೆ ಹೋಗಬಹುದು.

ಪೂರ್ವಿಗೆ ಎಣ್ಣೆ ಹಚ್ಚಿ ನೀರು ಹಾಕಲು ದಿನಾ ಬರುವವರು ಶಂಕ್ರಮ್ಮ, ಯಾದಗಿರಿ ಕಡೆಯವರು. ನಮ್ಮ ಕಾಂಪೌಂಡಿನ ಆಚೆ ಏಳುತ್ತಿರುವ ಕಟ್ಟಡದ ಕೂಲಿಯವರ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಸಿಕಂದರಾಬಾದ್ ಕಡೆಯ ಈ ಕೂಕಟ್‌ಪಲ್ಲಿಗೆ ಬಂದು ಹನ್ನೆರಡು ವರ್ಷವಾದರೂ ಅವರಿಗೆ ವಿಳಾಸ ಅಂತ ಒಂದಿಲ್ಲ. ಒಂದು ಕಟ್ಟಡ ಮುಗಿದರೆ ಇನ್ನೊಂದಕ್ಕೆ. ನಾನು ಫೋನಿನಲ್ಲಿ ನೀರಿನ ಹದ ಓದುತ್ತಿದ್ದೆ. "ನಿಮ್ಮ ಮೈಸೂರ ಮಂದಿ ಕೂಸಿಗೆ ನೀರ ಹಾಕಾಕೂ ಪುಸ್ತಕ ನೋಡ್ತೀರೇನ್ರಿ?" ಎಂದು ನಕ್ಕರು. ಆಮೇಲೆ ಪೂರ್ವಿಯ ತೊಡೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದವರು ನಗಲಿಲ್ಲ.

ನೀರು ಹಾಕಿ ಎತ್ತಿದ ಮೇಲೆ ಇವಳು ಅಳಲು ಶುರು ಮಾಡಿದಳು. ಅದು ಅಳುವೂ ಅಲ್ಲ, ಬೆಕ್ಕಿನ ಮರಿಯ ಹಾಗೆ. ಶಂಕ್ರಮ್ಮ ಏನೂ ಹೇಳದೆ ಕೆಳಗಿಳಿದು ಹೋಗಿ, ಶೆಡ್ಡಿನ ಒಬ್ಬ ಹುಡುಗಿಯನ್ನು ಕರೆತಂದರು. ತಾರಾ ಅಂತ. ಉತ್ತರ ಪ್ರದೇಶದವಳು. ಗಂಡ ಟೈಲ್ಸ್ ಕೂರಿಸುತ್ತಾನೆ. ಸೊಂಟದಲ್ಲಿ ಅವಳ ಗಂಡುಮಗು, ನಾಲ್ಕು ತಿಂಗಳಿನದು, ತೋಳಿನಲ್ಲಿ ಮೂರು ಮಡಿಕೆ. ಅವಳು ಮಗುವನ್ನು ಶಂಕ್ರಮ್ಮನ ಕೈಗೆ ಕೊಟ್ಟು, ಗೋಡೆಗೆ ಒರಗಿ ಕೂತು, ಯಾರನ್ನೂ ಕೇಳದೆ ಪೂರ್ವಿಯನ್ನು ಎತ್ತಿಕೊಂಡಳು.

ಇಪ್ಪತ್ತು ನಿಮಿಷ ಕುಡಿದಳು ನನ್ನ ಮಗಳು. ಗುಟುಕು ಗುಟುಕಾಗಿ ನುಂಗುವ ಸದ್ದು ಕೋಣೆಯಲ್ಲೆಲ್ಲ ಕೇಳುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಸಂತೋಷಕ್ಕೋ, ಬೇರೆಯವಳ ಎದೆಗೆ ಅಷ್ಟು ಬೇಗ ಒಗ್ಗಿಕೊಂಡಳಲ್ಲ ಎಂಬುದಕ್ಕೋ ಗೊತ್ತಾಗಲಿಲ್ಲ.

"ಇದಕ್ಕೆ ಅಡ್ಡಿ ಇಲ್ಲ ತಾನೆ?" ಎಂದು ಶಂಕ್ರಮ್ಮನನ್ನು ಕೇಳಿದೆ.

"ಒಂದ ದಿನಕ್ಕ ಏನಾಕ್ಕೈತ್ರಿ ಅಕ್ಕಾರ. ನಮ್ಮ ಊರಾಗ ಹಿಂಗ ಕುಡಿದವ್ರು ಅಣ್ಣ-ತಂಗಿ ಲೆಕ್ಕ."

ತಾರಾಳ ಮಗುವಿನ ಕೈಗೆ ಪೂರ್ವಿಯ ಗಿಲಿಕೆ ಕೊಟ್ಟೆ. ಎಷ್ಟು ಚೆನ್ನಾಗಿ ನಗುತ್ತದೆ ಅದು.

ಜೂನ್ 15

ನನ್ನ ಗಂಡ ಭರತನಿಗೆ ಹೇಳಿಲ್ಲ. ಬಾಲಾನಗರದ ವರ್ಕ್‌ಶಾಪಿನಿಂದ ಅವನು ಮನೆಗೆ ಬರುವಷ್ಟರಲ್ಲಿ ತಾರಾ ಬಂದು ಹೋಗಿರುತ್ತಾಳೆ. ಆದರೆ ನನಗೇ ಭಯ. ಅವಳ ಮೈಯಲ್ಲಿ ಏನಿದೆಯೋ ಏನೋ. ಬೆಳಿಗ್ಗೆ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಐದು ಸೀಸೆ ತೆಗೆದರು. ಯಾಕೆ ಎಂದು ಅವಳು ಕೇಳಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈ ಚಾಚಿದಳು.

ಹೀಗೆ ಒಬ್ಬಳ ರಕ್ತವನ್ನು ಪರೀಕ್ಷೆ ಮಾಡಿಸುವುದು ತಪ್ಪೆನಿಸಿತು. ದಾರಿಯಲ್ಲಿ ಅವಳಿಗೆ ಬಾದಾಮಿ ಹಾಲು ಕೊಡಿಸಿದೆ.

ಜೂನ್ 17

ಎಲ್ಲ ಸರಿ ಇದೆ. ಒಂದೂ ರೋಗವಿಲ್ಲ. ದಿನಕ್ಕೆ ಮೂರು ಸಲ ಬರಲು ಕೇಳಿದೆ. ಅವಳು ಮಗುವಿನ ಮುಖ ನೋಡಿದಳು. ನಿನ್ನ ಮಗುವಿಗೆ ಡಬ್ಬಿ ಹಾಲು ನಾನು ಕೊಡುತ್ತೇನೆ, ಡಾಕ್ಟರು ಬರೆದುಕೊಟ್ಟ ಒಳ್ಳೆಯ ಹಾಲು, ಪೂರ್ವಿ ಕುಡಿಯದೆ ಇಟ್ಟ ಮೂರು ಡಬ್ಬಿ ಹಾಗೇ ಇವೆ ಎಂದೆ. ಹ್ಞೂಂ ದೀದಿ ಎಂದಳು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದಿದೆ. ಅವಳು ಓದಿಲ್ಲ. ಬಿಸಿ ನೀರಿಗೆ ಇಷ್ಟು ಚಮಚ ಎಂದು ಒಂದು ಸಲ ತೋರಿಸಿದೆ. ಪೂರ್ವಿ ಎದ್ದಳು, ಅಷ್ಟಕ್ಕೇ ಬಿಟ್ಟೆ.

ಜೂನ್ 23

ನಾಲ್ಕು ಕಿಲೋ ಆರುನೂರ ಐವತ್ತು!

ನಳಿಕೆ ಬೇಡ ಎಂದರು ಡಾಕ್ಟರು. ಏನು ಬದಲಿಸಿದಿರಿ ಎಂದು ಕೇಳಿದರು. ಒಳಲೆ ಎಂದೆ.

ಜೂನ್ 28

ತಾರಾ ಹಾಲು ಕುಡಿಸುವಾಗ ನಾನು ಎದುರಿಗೇ ಕೂತು ಬರೆಯುತ್ತೇನೆ. ಉತ್ತರಕ್ಕೆ ಬೆಟ್ಟದ ಬುಡದ ಜೌಗುನೆಲ ತರಾಯಿ, ದಕ್ಷಿಣಕ್ಕೆ ಬುಂದೇಲ್‌ಖಂಡದ ಒಣ ಪ್ರಸ್ಥಭೂಮಿ, ನಡುವೆ ಗಂಗಾ ಯಮುನೆಯರ ಬಯಲು. "ಜಗತ್ತಿನ ಅತ್ಯಂತ ಫಲವತ್ತಾದ ಮೆಕ್ಕಲು ಮಣ್ಣಿನ ಪ್ರದೇಶಗಳಲ್ಲೊಂದು" ಎಂದು ಬರೆದು ಅವಳ ಊರು ಎಲ್ಲಿ ಬರುತ್ತದೆ ಎಂದು ನಕ್ಷೆ ತೋರಿಸಿದೆ. ಬಹರಾಯಿಚ್ ಜಿಲ್ಲೆ. ಅವಳಿಗೆ ನಕ್ಷೆ ಗೊತ್ತಾಗಲಿಲ್ಲ, ನೀಲಿ ಗೆರೆ ಗೊತ್ತಾಯಿತು. ಇದು ಘಾಘ್ರಾ ಎಂದಾಗ ಬೆರಳಿಟ್ಟಳು. ಅವರ ಹೊಲ ನದಿಯ ದಂಡೆಯಲ್ಲಿತ್ತಂತೆ. ಮೂರು ಮಳೆಗಾಲದಲ್ಲಿ ನದಿ ಅದನ್ನು ಸ್ವಲ್ಪ ಸ್ವಲ್ಪವೇ ಕಡಿದುಕೊಂಡು ಹೋಯಿತು. ಕೊನೆಗೆ ಮನೆಯ ಹಿಂಗೋಡೆ. ಮಾವನವರು ಈಗಲೂ ದಿನಾ ಹೋಗಿ ನೀರಿನೊಳಗೆ ಕೈ ತೋರಿಸಿ, ನಮ್ಮದು ಅಲ್ಲಿ, ಎನ್ನುತ್ತಾರಂತೆ.

ಆ ಮಣ್ಣು ಎಲ್ಲಿಗೆ ಹೋಗುತ್ತೆ ದೀದಿ ಎಂದು ಕೇಳಿದಳು. ಕೆಳಗಿನವರ ಹೊಲಕ್ಕೆ ಎಂದೆ. ಹಾಗಾದರೆ ಅವರು ನಮ್ಮ ಹೊಲ ಉಳುತ್ತಾ ಇದ್ದಾರೆ ಎಂದಳು. ನಗುತ್ತಲೇ ಹೇಳಿದಳು. ನಾನು ನಕ್ಷೆ ಮಡಿಸಿಟ್ಟೆ.

ಜುಲೈ 4

ಭರತನಿಗೆ ಗೊತ್ತಾಯಿತು. ರಜೆ ಹಾಕಿ ಮನೆಯಲ್ಲಿದ್ದ. ಮೊದಲು ಸಿಡುಕಿದ. ಪೂರ್ವಿಯ ಕೆನ್ನೆ ನೋಡಿದ ಮೇಲೆ ಸುಮ್ಮನಾದ. ಊಟಕ್ಕೆ ಕೂತಾಗ ನನ್ನ ಪಾಠದ ಹಾಳೆ ಓದಿದ. ಲೋಕಸಭೆಯ ಐನೂರ ನಲವತ್ತಮೂರರಲ್ಲಿ ಎಂಬತ್ತು ಸ್ಥಾನ. ಈಗಿನ ಜನಸಂಖ್ಯೆಯ ಪ್ರಕಾರ ಹಂಚಿದರೆ ಅವರದು ಇನ್ನೂ ಏರುತ್ತೆ, ನಮ್ಮದು ಇಳಿಯುತ್ತೆ, ಹೆತ್ತವರಿಗೆ ಬಹುಮಾನ, ಮಿತಿಯಲ್ಲಿ ಇದ್ದವರಿಗೆ ದಂಡ ಎಂದ. ಅವನ ವರ್ಕ್‌ಶಾಪಿನಲ್ಲಿ ದಿನಾ ಇದೇ ಮಾತಂತೆ. ನಾನು ವಾದಿಸಿದೆ. ದೇಶದ ಆರು ಜನರಲ್ಲಿ ಒಬ್ಬರು ಅಲ್ಲಿನವರು, ಸ್ಥಾನ ಮಾತ್ರ ಏಳರಲ್ಲಿ ಒಂದು, ಅವರ ಪಾಲೂ ಕಡಿಮೆಯೇ ಅಲ್ಲವಾ ಎಂದೆ.

"ನಮ್ಮ ತೆರಿಗೆ ಅವರ ರಾಜ್ಯ ತಿನ್ನುತ್ತೆ. ಅವರ ಹಾಲು ನಮ್ಮ ಮಗಳು ಕುಡೀತಾಳೆ. ಬಿಡು, ಸಮ ಆಯ್ತು," ಎಂದ.

ನಗು ಬಂತು. ಆಮೇಲೆ ನಕ್ಕಿದ್ದಕ್ಕೆ ಕಸಿವಿಸಿಯಾಯಿತು, ತಾರಾ ಪಕ್ಕದ ಕೋಣೆಯಲ್ಲಿದ್ದಳು. ಕನ್ನಡ ಬರುವುದಿಲ್ಲ, ಸದ್ಯ.

ಜುಲೈ 11

ಐದು ಕಿಲೋ ನೂರು. ನಿನ್ನೆ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಮಾಡಿದೆ.

ತಾರಾ ಇವತ್ತು ಬಂದಾಗ ಅವಳ ಎದೆ ಅರ್ಧ ಖಾಲಿಯಾಗಿತ್ತು. ದಾರಿಯಲ್ಲಿ ಮಗು ಅತ್ತಿತು, ಸ್ವಲ್ಪ ಕೊಟ್ಟೆ ಎಂದಳು. ಪೂರ್ವಿಗೆ ಸಾಲದೆ ಅವಳು ಕೈಕಾಲು ಬಡಿದಳು. ಇಲ್ಲಿಗೆ ಬರುವ ಮುಂಚೆ ಕೊಡಬೇಡ, ಅವನಿಗೆ ಡಬ್ಬಿ ಇದೆಯಲ್ಲ, ಎಂದು ಮೆತ್ತಗೇ ಹೇಳಿದೆ. ಮೂರು ಹೊತ್ತು ತಾನೆ ನಾನು ಕೇಳಿರುವುದು. ಉಳಿದ ಹೊತ್ತೆಲ್ಲ ಅವನದೇ.

ಜುಲೈ 16

ಜನಾರ್ದನ ಅವರ ಫೋನು. ಭೂಗೋಳ ಚೆನ್ನಾಗಿದೆಯಂತೆ, ಪ್ರಭಾವದ ಭಾಗ ಸಪ್ಪೆ. "ಮೇಡಂ, ಪ್ರಭಾವ ಅಂದ್ರ ಅಂಕಿ. ಲೋಕಸಭಾ ಎಂಬತ್ತು, ರಾಜ್ಯಸಭಾ ಮೂವತ್ತೊಂದು, ವಿಧಾನಸಭಾ ನಾಕನೂರ ಮೂರು. ಹುಡುಗ್ರಿಗೆ ಅಷ್ಟ ಸಾಕ್ರಿ," ಎಂದರು.

ನಾನು ತಾರಾಳ ಒಂದು ಮಾತನ್ನು ಪಾಠದಲ್ಲಿ ಸೇರಿಸಿದ್ದೆ. ಓಟು ಹಾಕಿದ್ದೀಯಾ ಎಂದು ಕೇಳಿದ್ದಕ್ಕೆ ಅವಳು, ನಮ್ಮ ಹೆಸರು ಅಲ್ಲಿದೆ, ನಾವು ಇಲ್ಲಿದ್ದೇವೆ, ಹೆಸರಿಗೆ ಕಾಲಿಲ್ಲ ಎಂದಿದ್ದಳು. ವಲಸೆ ಹೋದವರನ್ನು ಎಣಿಸಿ ಬಂದ ಸ್ಥಾನದಲ್ಲಿ ವಲಸೆ ಹೋದವರ ದನಿ ಇರುವುದಿಲ್ಲ ಎಂದು ಎರಡು ಸಾಲು ಬರೆದಿದ್ದೆ. ಪರೀಕ್ಷೆಗೆ ಬರೋದಲ್ಲ, ತೆಗೀರಿ ಎಂದರು. ತೆಗೆದೆ. ಅಧ್ಯಾಯ ಒಂದು ಪ್ಯಾರಾ ಚಿಕ್ಕದಾಯಿತು.

ಜುಲೈ 22

ಎಡೆಬಿಡದೆ ಮಳೆ. ಶೆಡ್ಡಿನ ಸುತ್ತ ಕೆಸರು ನಿಂತಿದೆ. ತಾರಾ ತೊಯ್ದುಕೊಂಡು ಬಂದಳು. ಅವಳಿಗೆ ನನ್ನ ಒಂದು ಹಳೆಯ ಸೀರೆ ಕೊಟ್ಟು, ಕೈ ಸೋಪಿನಲ್ಲಿ ತೊಳೆಸಿ, ಎದೆಯನ್ನು ಬಿಸಿ ನೀರಿನಲ್ಲಿ ಒರೆಸಿಕೊಳ್ಳಲು ಹೇಳಿದೆ. ಈಗ ಅವಳೇ ರೂಢಿ ಮಾಡಿಕೊಂಡಿದ್ದಾಳೆ.

ಅವಳ ಮಗು ಮೊದಲಿನ ಹಾಗೆ ಗಲಾಟೆ ಮಾಡುವುದಿಲ್ಲ. ಮೂಲೆಯಲ್ಲಿ ಹಾಕಿದ ಚಾಪೆಯ ಮೇಲೆ ಮಲಗಿರುತ್ತದೆ, ಸೀಲಿಂಗ್ ನೋಡುತ್ತಾ. ಪೂರ್ವಿ ಎಷ್ಟು ಹಟ ಮಾಡುತ್ತಾಳೆ! ಇಂಥ ಮಗುವಿದ್ದರೆ ಎಂಥ ತಾಯಿಯೂ ನಿದ್ದೆ ಮಾಡಬಹುದು.

ಜುಲೈ 30

ಐದು ಕಿಲೋ ಐನೂರು.

ತಾರಾಳಿಗೆ ಕೊಟ್ಟ ಮೂರು ಡಬ್ಬಿಯಲ್ಲಿ ಎರಡನೆಯದೇ ಇನ್ನೂ ಮುಗಿದಿಲ್ಲವಂತೆ. ಆರು ವಾರವಾಯಿತು. ಒಂದು ಡಬ್ಬಿ ಒಂದು ವಾರಕ್ಕೆ ಎಂದು ಮುಚ್ಚಳದ ಮೇಲೆ ಓದಿದ ನೆನಪು. ಇನ್ನಷ್ಟು ಕೊಡಿ ಎಂದು ಅವಳು ಬಾಯಿಬಿಟ್ಟು ಕೇಳಿಲ್ಲ. ಆಸೆಬುರುಕಿ ಅಲ್ಲ. ಭರತನಿಗೆ ಹೇಳಿದರೆ ಅವನೂ ಮೆಚ್ಚಿಕೊಂಡ.

ಆಗಸ್ಟ್ 6

ತಾರಾ ಬೆಳಿಗ್ಗೆ ಬರಲಿಲ್ಲ. ಪೂರ್ವಿ ಹಸಿವಿಗೆ ನೀಲಿಯಾಗುವಂತೆ ಅತ್ತಳು. ಮಧ್ಯಾಹ್ನ ಬಂದಳು. ಮಗುವಿಗೆ ಎರಡು ದಿನದಿಂದ ಭೇದಿಯಂತೆ. ಓ ಆರ್ ಎಸ್ ಪ್ಯಾಕೆಟ್ ಎರಡು ಕೊಟ್ಟೆ. ಡಾಕ್ಟರಿಗೆ ತೋರಿಸು ಎಂದೂ ಹೇಳಿದೆ. ಭೇದಿಯ ಮಗುವನ್ನು ಪೂರ್ವಿಯಿದ್ದ ಕೋಣೆಗೆ ತರುವುದು ಸರಿಯಲ್ಲವೆಂದು ಹೊರಗೆ ಮೆಟ್ಟಿಲ ಹತ್ತಿರ ಶಂಕ್ರಮ್ಮನ ಕೈಯಲ್ಲಿ ಬಿಡಿಸಿದೆ. ಬಾಗಿಲ ಸಂದಿಯಿಂದ ನೋಡಿದೆ. ನೆತ್ತಿ ಸ್ವಲ್ಪ ತಗ್ಗಾದ ಹಾಗೆ ಕಂಡಿತು. ಅಲ್ಲಿ ಬೆಳಕು ಕಡಿಮೆ.

ತಾರಾ ಹೋದ ಮೇಲೆ ಶಂಕ್ರಮ್ಮ ಒಳಗೆ ಬಂದು ನಿಂತರು.

"ಅಕ್ಕಾರ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ಕೂಸು ಸೂರಜಗ ನೀವು ಕೊಟ್ಟ ಹಿಟ್ಟು ಮೈಗ ಹತ್ತವಲ್ದು. ಒಂದ ಚಮಚ ಹಾಕಿ ಬಾಟ್ಲಿ ತುಂಬ ನೀರ ಮಾಡ್ತಾಳ. ಟ್ಯಾಂಕರ್ ನೀರು. ಡಬ್ಬಿ ತೀರಿದ್ರ ಮತ್ತ ಕೇಳಬೇಕಾಕ್ಕೈತಿ ಅಂತ ಆಕಿಗಿ ಸಂಕೋಚ."

ನಾನು ತೋರಿಸಿದ್ದೆನಲ್ಲ ಎಂದೆ.

"ತೋರ್ಸೀರಿ. ಆದ್ರ ಆ ಕೂಸಿಂದು ಆ ಕೂಸಿಗಿ ಬಿಡ್ರಿ. ಮೂರ ಹೊತ್ತಿಂದು ಒಂದ ಹೊತ್ತು ಮಾಡ್ರಿ ಸಾಕು."

ಇವರೇ ತಾನೆ ಅವಳನ್ನು ಕರೆತಂದವರು? ನಾಳೆಯಿಂದ ನೋಡುತ್ತೇನೆ ಎಂದೆ. ಡಾಕ್ಟರು ಮುಂದಿನ ವಾರ ತೂಕ ನೋಡುತ್ತಾರೆ, ಅದು ಮುಗಿಯಲಿ. ಈಗ ಇಳಿದರೆ ಮತ್ತೆ ನಳಿಕೆಯ ಮಾತು ಬರುತ್ತದೆ.

ಆಗಸ್ಟ್ 8

ಹೊಸ ಡಬ್ಬಿ ತರಿಸಿ ಕೊಟ್ಟೆ. ಅಳತೆ ಮತ್ತೆ ಹೇಳಿದೆ. ತಲೆಯಾಡಿಸಿದಳು.

ಮೂರು ಹೊತ್ತೂ ಬಂದಳು.

ಆಗಸ್ಟ್ 13

ಐದು ಕಿಲೋ ಒಂಬೈನೂರು. ಅಧ್ಯಾಯ ಕಳಿಸಿದೆ. ಕೊನೆಯ ಸಾಲು ಹೀಗಿದೆ: "ಜನಬಾಹುಳ್ಯವೇ ಈ ರಾಜ್ಯದ ಅಕ್ಷಯ ಸಂಪನ್ಮೂಲ." ಜನಾರ್ದನ ಅವರು ಹಿಡಿಸಿತು ಎಂದರು. ಮುಂದಿನದು ಬಿಹಾರ.

ಆಗಸ್ಟ್ 17

ತಾರಾಳ ಮಗು ಹೋಯಿತು.

ನಿನ್ನೆ ಬೆಳಿಗ್ಗೆ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದರಂತೆ. ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಿದ್ದಾಗಲೇ. ಶಂಕ್ರಮ್ಮ ಹೇಳಿ ಹೋದರು. ಪೂರ್ವಿಗೆ ನೀರು ಹಾಕಲಿಲ್ಲ.

ಹೋಗಿ ನೋಡಬೇಕೆನಿಸಿತು. ಯಾವ ಸೋಂಕಿನಿಂದ ಹೋಯಿತೋ ಗೊತ್ತಿಲ್ಲ, ಪೂರ್ವಿಯನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇಲ್ಲ. ಭರತ ಬಂದ ಮೇಲೆ ಹೋಗೋಣ ಎಂದುಕೊಂಡೆ. ಅವನು ಬಂದಾಗ ಮಳೆ ಶುರುವಾಗಿತ್ತು.

ಶೆಡ್ಡುಗಳಲ್ಲಿ ಮಳೆಗಾಲಕ್ಕೆ ಇದೆಲ್ಲ ಇರುತ್ತದೆ ಎಂದ ಭರತ. ನಿನ್ನ ತಪ್ಪೇನಿಲ್ಲ, ರಕ್ತ ಕೂಡ ಪರೀಕ್ಷೆ ಮಾಡಿಸಿದ್ದೀಯಲ್ಲ ಎಂದ. ಅದು ಅವಳ ರಕ್ತ, ಮಗುವಿನದಲ್ಲ ಎಂದು ಹೇಳಲು ಹೋಗಿ ಬಿಟ್ಟೆ.

ಇನ್ನು ತಾರಾಳ ಹಾಲೆಲ್ಲ ಪೂರ್ವಿಗೇ ಎಂಬ ಯೋಚನೆ ಬಂತು. ಬರೆಯಬಾರದಿತ್ತು. ದಣಿವಿಗೆ ಏನೇನೋ ಬರುತ್ತದೆ.

ಆಗಸ್ಟ್ 19

ತಾರಾ ಬಂದಳು. ಕರೆದಿರಲಿಲ್ಲ. ಬೆಳಿಗ್ಗೆ ತನ್ನ ಹೊತ್ತಿಗೇ ಬಂದು ಬಾಗಿಲಲ್ಲಿ ನಿಂತಿದ್ದಳು. ರವಿಕೆ ಎರಡೂ ಕಡೆ ನೆನೆದು ಅಂಟಿಕೊಂಡಿತ್ತು. ಹಾಲು ಕಟ್ಟಿಕೊಂಡು ಜ್ವರ ಬಂದಿದೆ ಎಂದಳು. ನಾನು ಮಾತಾಡುವ ಮೊದಲೇ ಪೂರ್ವಿ ಅವಳನ್ನು ನೋಡಿ ಕೈ ಬೀಸಿದಳು.

ಕುಡಿಸಿದಳು. ನನಗೆ ಸಮಾಧಾನದ ಮಾತು ಹಿಂದಿಯಲ್ಲಿ ಸರಿಯಾಗಿ ಬರುವುದಿಲ್ಲ. ಇಷ್ಟು ಮಾತ್ರ ಕೇಳಿದೆ, ಊರಿನಲ್ಲಿ ತಿಳಿಸಿದೆಯಾ ಅಂತ. ಅವಳು ಪೂರ್ವಿಯ ತಲೆಯ ಮೇಲೆ ಕೈಯಾಡಿಸುತ್ತಾ ಹೇಳಿದಳು:

"ಎರಡರಲ್ಲಿ ಒಂದು ಉಳಿಯಿತಲ್ಲ, ದೀದಿ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಶುಕ್ರವಾರ ಸಿಕಂದರಾಬಾದಿನಿಂದ ರೈಲಂತೆ, ಗಂಡ ಊರಿಗೆ ಬಿಟ್ಟು ಬರುತ್ತಾನಂತೆ. ಇನ್ನೊಂದು ತಿಂಗಳು ಇರಲು ಆಗುವುದಿಲ್ಲವೇ ಎಂದೆ. ಅವಳು ನಾನು ಕೊಟ್ಟಿದ್ದ ಸೀರೆಯನ್ನು ಮಡಿಸಿ ಚಾಪೆಯ ಮೇಲಿಟ್ಟು ಹೋದಳು. ಒಗೆದು ತಂದಿದ್ದಳು.

ಆಗಸ್ಟ್ 24

ಐದು ದಿನವಾಯಿತು ತಾರಾ ಬರುವುದು ನಿಂತು. ಪೂರ್ವಿ ಒಳಲೆಯಲ್ಲಿ ಸ್ವಲ್ಪ ಕುಡಿದಳು, ಅಷ್ಟೇ ಕಕ್ಕಿದಳು. ಹತ್ತಿರಹತ್ತಿರ ಆರು ತಿಂಗಳು, ರಾಗಿ ಸರಿ ಶುರು ಮಾಡಿ, ಇನ್ನು ಹೆದರಬೇಡಿ ಎಂದರು ಡಾಕ್ಟರು. ಎರಡು ಚಮಚ ನುಂಗಿದಳು. ಮೂರನೆಯದಕ್ಕೆ ಬಾಯಿ ತೆರೆದಳು ಕೂಡ.

ಆದರೆ ತೂಕ ಎಂಬತ್ತು ಗ್ರಾಂ ಇಳಿದಿದೆ. ನಾನು ಮತ್ತೆ ಮಲಗಿಲ್ಲ.

ಆಗಸ್ಟ್ 26

ಶಂಕ್ರಮ್ಮ ನೀರು ಹಾಕುತ್ತಿದ್ದಾಗ ಕೇಳಿದೆ, ಶೆಡ್ಡಿನಲ್ಲಿ ಬೇರೆ ಬಾಣಂತಿ ಯಾರಾದರೂ ಇದ್ದಾರಾ ಎಂದು. ಅವರು ತಿರುಗಲಿಲ್ಲ. ಪೂರ್ವಿಯ ಕಾಲಿನ ಮೇಲೆ ಚೊಂಬು ಬಗ್ಗಿಸುತ್ತಲೇ ಇದ್ದರು.

"ಅದಾಳ್ರಿ. ಮೊನ್ನಿ ಬಂದಾಳ, ತಾರಾನ ಊರ ಬಾಜೂ ಗೊಂಡಾ ಕಡೀಕಿ. ಹತ್ತೊಂಬತ್ತ ವರ್ಸದ ಹುಡುಗಿ, ಚೊಚ್ಚಲು. ನಾ ಕರ್ಕೊಂಡ ಬರಂಗಿಲ್ಲ."

ಮಗುವನ್ನು ಒರೆಸಿ ನನ್ನ ಕೈಗಿಟ್ಟರು. ನಾಳೆಯಿಂದ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದರು. ಏನಾಯಿತು ಎಂದು ಕೇಳಿದೆ. ಅವರು "ಏನೂ ಆಗಿಲ್ರಿ ನಿಮಗ," ಎಂದು ಚಪ್ಪಲಿ ಮೆಟ್ಟಿಕೊಂಡರು. ವಯಸ್ಸಾದವರು, ಯಾವ ಮಾತಿಗೆ ಬೇಜಾರಾಯಿತೋ ತಿಳಿಯದು.

ಹನ್ನೊಂದಕ್ಕೆ ಪೂರ್ವಿಯನ್ನು ಎತ್ತಿಕೊಂಡು ನಾನೇ ಇಳಿದೆ. ಇಷ್ಟು ದಿನ ಕಿಟಕಿಯಿಂದ ನೋಡಿದ್ದೇ ಹೊರತು ಕಾಂಪೌಂಡಿನ ಆಚೆಯ ಶೆಡ್ಡುಗಳ ಕಡೆಗೆ ಕಾಲಿಟ್ಟಿರಲಿಲ್ಲ. ಕೆಸರಿನ ಮೇಲೆ ಹಲಗೆ ಹಾಸಿದ್ದಾರೆ. ತಗಡಿನ ಮೂರನೆಯ ಬಾಗಿಲಲ್ಲಿ ಒಬ್ಬಳು ಹುಡುಗಿ ಬಿಸಿಲಿಗೆ ಕೂತು ಮಗುವಿಗೆ ಕುಡಿಸುತ್ತಿದ್ದಳು. ಆ ಮಗುವಿನ ತೋಳು ತುಂಬಿಕೊಂಡಿತ್ತು. ಪೂರ್ವಿ ನೋಡಿ ಅಳಲು ಶುರು ಮಾಡಿದಳು. ನಾನು ಇನ್ನೂ ಏನೂ ಕೇಳಿರಲಿಲ್ಲ. ಹುಡುಗಿ ನನ್ನ ಮುಖ ನೋಡಿ ಗಾಬರಿಯಿಂದ ಸರಿದು ಜಾಗ ಮಾಡಿದಳು. ತನ್ನ ಕೂಸನ್ನು ಎದೆಯಿಂದ ಬಿಡಿಸಿ ಚಾಪೆಯ ಮೇಲೆ ಮಲಗಿಸಿ, ಎರಡೂ ಕೈ ಚಾಚಿದಳು.